ನೇಪಾಳದ ಪರವಾಗಿ ನಮ್ಮ ಮಾವ

ನಮ್ಮ ಸೋದರಮಾವನಿಗೆ ಹೆಂಡತಿಯ ತವರೂರಿಗೆ ಯಾವ ಬಸ್ಸು ಹೋಗುತ್ತದೆಂದು ಗೊತ್ತಿರಲಿಲ್ಲ. ನೇಪಾಳದ ವಿದೇಶಾಂಗ ನೀತಿ ಮಾತ್ರ ಅಂಗೈ ಮೇಲಿನ ನೆಲ್ಲಿಕಾಯಿ! ಸರ್ಕಾರಿ ಗುಮಾಸ್ತರಿಗೆ ಈ ಗೀಳು ಎಲ್ಲಿಂದ ಅಂಟಿತೋ ದೇವರೇ ಬಲ್ಲ. ಸರಸ್ವತಿಪುರಂನ ಅವರ ಮನೆಯಲ್ಲಿದ್ದು ನಾನು ಕಾಲೇಜಿಗೆ ಹೋಗುತ್ತಿದ್ದೆ. ಹುಳಿಗೆ ಉಪ್ಪು ಸಾಲದು ಎಂದರೆ ಸಾಕು, "ನೇಪಾಳಕ್ಕೆ ಉಪ್ಪು ಎಲ್ಲಿಂದ ಬರುತ್ತೆ ಗೊತ್ತೇನೋ?" ಎಂದು ಶುರು. ಕ್ಷೌರದವನು ಒಮ್ಮೆ ಈ ಮಾತಿಗೆ ತಲೆದೂಗುತ್ತಾ ಅವರ ಅರ್ಧ ಮೀಸೆಯನ್ನೇ ಹಾರಿಸಿದ್ದ. ಮಾವ ಕನ್ನಡಿ ನೋಡಿಕೊಂಡು, "ಗಡಿ ದಾಟ್ಬುಟ್ಟೆಯಲ್ಲಯ್ಯ!" ಎಂದರಂತೆ.

ಇಂಥವರ ಮನೆಯ ಹಿಂದಿನ ರೂಮಿಗೆ ನೇಪಾಳದ ವಿದ್ಯಾರ್ಥಿಯೊಬ್ಬ ಬಾಡಿಗೆಗೆ ಬಂದರೆ ಕೇಳಬೇಕೆ? ಪಾಪ, ಅವನ ದೇಶದ ಕಥೆಯನ್ನು ಅವನಿಗೇ ಹೇಳುತ್ತಿದ್ದರು. ಅವನು ಕಲಿತ ಮೊದಲ ಕನ್ನಡ, "ಹೌದು ಸಾರ್."

ಅವನು ಬಂದು ವರ್ಷವಾಗುವಷ್ಟರಲ್ಲಿ ಚೀನಾ ಯುದ್ಧ ಬಂತು. ಊರೆಲ್ಲ ಕುದಿಯುತ್ತಿದ್ದಾಗ ಮಾವ ಹೋಟೆಲಿನಲ್ಲಿ ಕೂತು, "ನೇಪಾಳ ಯಾರ ಪಕ್ಷಾನೂ ಹಿಡೀಬಾರದು" ಎಂದು ಸಾರಿದರು. ಅತ್ತೆ ಬೇಡಿಕೊಂಡರು: "ಬಾಯಿ ಮುಚ್ಕೊಂಡಿರಿ ಅಂದ್ರೆ! ಇರೋ ಕೆಲಸಾನೂ ಹೋಗುತ್ತೆ."

ಒಂದು ಸಂಜೆ ಮೆರವಣಿಗೆ ಮುಗಿಸಿದ ಹದಿನೈದಿಪ್ಪತ್ತು ಜನ ನಮ್ಮ ಗೇಟಿಗೆ ಬಂದು ನಿಂತರು. ಮುಂದಿದ್ದವನ ಕೈಯಲ್ಲಿ ದೊಣ್ಣೆ.

"ಆ ಚೀನಾದೋನ್ನ ಈಚೆ ಕಳ್ಸಿ ಸ್ವಾಮಿ!"

ನೇಪಾಳದ ಹುಡುಗ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದ. ಮಾವ ಪಂಚೆ ಎತ್ತಿಕಟ್ಟಿ ಗೇಟಿಗೆ ಅಡ್ಡ ನಿಂತರು.

"ಅವನು ಚೀನಾದವನಲ್ಲಪ್ಪ, ನೇಪಾಳದವನು."

"ನೇಪಾಳದೋರು ಯಾರ ಕಡೆ? ಅದ್ನೇಳಿ!"

'ನಮ್ಮ ಕಡೆ' ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು! ಮಾವ ಹೇಳಿದರು: "ಯಾರ ಕಡೆಯೂ ಇಲ್ಲ."

ಕಲ್ಲೊಂದು ಹಾರಿಬಂದು ಕಿಟಕಿಯ ಗಾಜು ಒಡೆಯಿತು. ಅತ್ತೆ ಒಳಗೆ ಚೀರಿದರು. ಮಾವ ಕದಲಲಿಲ್ಲ. ದೊಣ್ಣೆಯವನನ್ನೇ ಕೇಳಿದರು:

"ನಿನ್ನದು ಹಳ್ಳಿಯೇನಪ್ಪ? ಇಬ್ಬರು ಗೌಡ್ರ ಹೊಲದ ಮಧ್ಯೆ ನಿಂದೊಂದು ಎಕರೆ ಇದೆ ಅಂತಿಟ್ಕೋ. ಅವರಿಬ್ಬರೂ ಹೊಡೆದಾಡ್ತಿದ್ದಾರೆ. ನೀನು ಯಾರ ಕಡೆ?"

ಅವನು ತಬ್ಬಿಬ್ಬಾದ. ಎಲ್ಲರೂ ಅವನ ಬಾಯನ್ನೇ ನೋಡಿದರು.

"ಒಬ್ರ ಕಡೆ ಸೇರೋಕಾಯ್ತದಾ ಸ್ವಾಮಿ? ಓಡಾಡೋ ದಾರಿ ಒಬ್ರುದು, ನೀರು ಇನ್ನೊಬ್ರುದು. ಇಬ್ರಿಗೂ ಕೈಮುಗೀಬೇಕು."

"ಅಷ್ಟೇ ಕಣಪ್ಪ!"

ದೊಣ್ಣೆ ಕೆಳಗಿಳಿಯಿತು. ಅವನು ಹಿಂದಿನವರ ಕಡೆ ತಿರುಗಿ, "ನಡೀರ್ಲಾ, ಪರದೇಸಿ ಮಗ, ಓದ್ಕೊಳ್ಳಲಿ" ಎಂದ. ಮಾವ ಸುಮ್ಮನಾದರೆ? "ಇರ‍್ರಪ್ಪ, ವ್ಯಾಪಾರದ ಒಪ್ಪಂದ ಹೇಳೋದಿದೆ!" ಎಂದರು. ಗುಂಪು ಹೇಗೆ ಕರಗಿತು ಎಂದರೆ, ಪೊಲೀಸರು ಬಂದಿದ್ದರೂ ಅಷ್ಟು ಬೇಗ ಓಡುತ್ತಿರಲಿಲ್ಲ!

ಒಳಗೆ ಬಂದವರೇ ಮಾವ ಧೊಪ್ಪನೆ ನೆಲದ ಮೇಲೆ ಕುಳಿತರು. ಹುಡುಗ ಪಕ್ಕದಲ್ಲಿ ಕುಳಿತ. ಮಾವ ಅವನ ಕಡೆ ತಿರುಗಿ, ಒಂದು ವರ್ಷದಲ್ಲಿ ಮೊದಲ ಸಲ, ನೇಪಾಳದ ಬಗ್ಗೆ ತಮಗೆ ಗೊತ್ತಿಲ್ಲದ್ದೊಂದನ್ನು ಕೇಳಿದರು:

"ಮನೇಲಿ ಯಾರ‍್ಯಾರಿದ್ದಾರಪ್ಪ?"

ಹುಡುಗನಿಗೆ ಕನ್ನಡ ನೆನಪಾಗಲಿಲ್ಲವೇನೋ, ತನ್ನ ಭಾಷೆಯಲ್ಲೇ ಹೇಳಿದ:

"ಆಮಾ..."

ಪಕ್ಕದ ಕೋಣೆಯಲ್ಲಿ ಗಾಜಿನ ಚೂರು ಬಳಿಯುತ್ತಿದ್ದ ಅತ್ತೆ, ತಮ್ಮನ್ನೇ ಕರೆದನೆಂದುಕೊಂಡು ಪೊರಕೆ ಬಿಸಾಕಿ ಓಡಿಬಂದರು.

"ಬಂದೆ ಕಣೋ ಮಗನೇ, ಇಲ್ಲೇ ಇದ್ದೀನಿ."