ಮಹಾಲಿಂಗ ಮೇಷ್ಟ್ರು ರೇಡಿಯೋ ಆದದ್ದು

ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬರು ಬರುವ ಗುರುವಾರವೇ ಶಾಲೆಯ ರೇಡಿಯೋದ ಸೆಲ್ಲುಗಳು ಸತ್ತವು.

ಹರದನಹಳ್ಳಿಯ ಮಹಾಲಿಂಗ ಮೇಷ್ಟ್ರು ಬೇಗೂರಿನಾಚೆಯ ಈ ಒಂಟಿ ಕೋಣೆಯ ಶಾಲೆಗೆ ಬಂದು ನಾಲ್ಕು ವರ್ಷವಾಗಿತ್ತು. ನಾಲ್ಕು ತರಗತಿಗೂ ಅವರೊಬ್ಬರೇ. ಊರಿನವರು ಬೆಳಗಾದರೆ ಹೊಲಕ್ಕೆ, ಸಂಜೆಯಾದರೆ ನಿದ್ದೆಗೆ. ಮಧ್ಯಾಹ್ನದ ಶಾಲಾ ಪ್ರಸಾರದಲ್ಲಿ ಒಬ್ಬ ಹೆಂಗಸು “ಮಕ್ಕಳೇ, ಊಟ ಆಯ್ತಾ?” ಎಂದು ಕೇಳಿದರೆ, ಮಕ್ಕಳಿಗಿಂತ ಮೊದಲು ಮೇಷ್ಟ್ರೇ “ಆಯ್ತು” ಎನ್ನುತ್ತಿದ್ದರು. ಇಡೀ ದಿನದಲ್ಲಿ ಮೇಷ್ಟ್ರ ಊಟ ವಿಚಾರಿಸುತ್ತಿದ್ದವಳು ಆ ರೇಡಿಯೋದ ಹೆಂಗಸೊಬ್ಬಳೇ.

ಇನ್ನೊಬ್ಬ ಶಿಕ್ಷಕರನ್ನು ಕೊಡಿ ಎಂದು ಮೂರು ವರ್ಷ ಅರ್ಜಿ ಬರೆದದ್ದಕ್ಕೆ ಈಗ ಉತ್ತರ ಬಂದಿತ್ತು: “ಮೊದಲು ಕೊಟ್ಟಿರುವ ರೇಡಿಯೋ ಬಳಸುತ್ತೀರಾ ನೋಡೋಣ. ಗುರುವಾರ ಬರುತ್ತೇನೆ.”

ಸೆಲ್ಲು ಸತ್ತದ್ದು ಗೊತ್ತಾದಾಗ ಮಧ್ಯಾಹ್ನ ಹನ್ನೆರಡು. ಬೇಗೂರಿಗೆ ಹೋಗಿ ಬರುವಷ್ಟು ಹೊತ್ತಿಲ್ಲ. ಎದುರುಮನೆಯ ಮೂಗಯ್ಯ ತಾನೇ ತಾನಾಗಿ ಬಂದ.

“ಬಿಸ್ಲಲ್ಲಿ ಒಣಗಾಕಿ ಮೇಷ್ಟ್ರೇ, ಜೀವ ಬತ್ತದೆ.”

“ಬಿಸ್ಲಲ್ಲಿ ಯಾವತ್ತು ಒಣಗದು? ಬುಡಿ ಅತ್ಲಾಗಿ, ಬಿಸ್ನೀರ್ಗಾಕ್ತೀನಿ” ಎಂದು ಅವನ ಹೆಂಡತಿ ಸುಂದ್ರಮ್ಮ ಸೆಲ್ಲುಗಳನ್ನು ಕಿತ್ತುಕೊಂಡೇ ಹೋದಳು. ಅರ್ಧ ಗಂಟೆಯ ಮೇಲೆ ಅವು ನೆನೆಸಿದ ಅವರೆಕಾಳಿನ ಹಾಗೆ ಊದಿಕೊಂಡು ವಾಪಸು ಬಂದವು.

“ಸಾಯ್ಲಿ ಬುಡಿ. ರೇಡಿಯೋನ ಕಿಟ್ಕಿಲಿ ಮಡುಗ್ಬುಟ್ಟು, ನೀವು ಆಚೆಕಡೆ ಕೂತ್ಕಂಡು ಮಾತಾಡಿ. ಸಾಹೇಬ್ರ ನಾ ನೋಡ್ಕತೀನಿ” ಎಂದ ಮೂಗಯ್ಯ.

ಜೀಪಿನ ಸದ್ದು ಕೇಳಿತು. ಯೋಚಿಸಲು ಸಮಯವಿರಲಿಲ್ಲ. ಮೇಷ್ಟ್ರು ಪುಸ್ತಕ ಹಿಡಿದು ಹಿಂಬದಿಯ ಕಿಟಕಿಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತು, ಮೂಗು ಹಿಡಿದುಕೊಂಡು ಶುರು ಮಾಡಿದರು: “ಮಕ್ಕಳೇ, ಊಟ ಆಯ್ತಾ?”

“ಆಯ್ತೂ!” ಎಂದು ಒಳಗೆ ಮೂವತ್ತು ಗಂಟಲು ಕೂಗಿದವು. ಮೇಷ್ಟ್ರು ಪುಸ್ತಕದಲ್ಲಿ ಮಳೆಯ ಪಾಠ ತೆಗೆದರು.

ಸಾಹೇಬರು ಒಳಗೆ ಬಂದರು. “ಮೇಷ್ಟ್ರೆಲ್ಲಿ?”

“ಚಾಕ್‌ಪೀಸ್ ತರಕ್ಕೆ ಓಗವ್ರೆ ಸಾ” ಎಂದ ಮೂಗಯ್ಯ.

“ಸೌಂಡು ಸ್ವಲ್ಪ ಜಾಸ್ತಿ ಮಾಡಿ.”

ಮೂಗಯ್ಯನ ಕೈ ರೇಡಿಯೋದ ತಿರುಪಿಗೆ ತಾಗುವ ಮೊದಲೇ ಸೌಂಡು ಜಾಸ್ತಿಯಾಯಿತು.

“ಒಳ್ಳೇ ರೇಡಿಯೋ” ಎಂದರು ಸಾಹೇಬರು.

ಮಳೆ ಹೇಗಾಗುತ್ತದೆ ಎಂಬ ಪಾಠ ಮೋಡದವರೆಗೆ ಬಂದಿತ್ತು. ಅಷ್ಟರಲ್ಲಿ ಕಟ್ಟಿರುವೆಗಳು ಮೇಷ್ಟ್ರ ಪಂಚೆಯೊಳಗೆ ದಾರಿ ಕಂಡುಕೊಂಡವು. “ಮೋಡವು ತಣ್ಣಗಾದಾಗ... ಅಯ್ಯಯ್ಯಪ್ಪೋ!” ಎಂದಿತು ರೇಡಿಯೋ.

“ನಾಟ್ಕದ್ ತರ ಯೋಳ್ತರೆ ಸಾ, ಮಕ್ಕಳ್ಗೆ ನಾಟ್ಲಿ ಅಂತ” ಎಂದ ಮೂಗಯ್ಯ.

ಸಾಹೇಬರು ತಲೆದೂಗಿ ಮಕ್ಕಳನ್ನು ಪ್ರಶ್ನೆ ಕೇಳಿದರು. ಎಲ್ಲರೂ ಟಪಟಪ ಉತ್ತರ ಹೇಳಿದರು. ಹೊರಗೆ ಇರುವೆಯ ಉರಿಯಲ್ಲೂ ಮೇಷ್ಟ್ರಿಗೆ ನಗು ಬಂತು. ಇನ್ನು ಕೆಲಸವಾದ ಹಾಗೇ.

ಜೀಪು ಹೊರಟಿತು. ಮೇಷ್ಟ್ರು ಕುಂಟುತ್ತ ಮುಂದಕ್ಕೆ ಬರುವಷ್ಟರಲ್ಲಿ ಅದು ತಿರುವಿನಲ್ಲಿತ್ತು. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ತೊಡೆಯ ಮೇಲೆ ಟ್ರಂಕು ಇಟ್ಟುಕೊಂಡು ಶಾಲೆಯ ಕಡೆಗೇ ನೋಡುತ್ತಿದ್ದಳು.

“ಯಾರದು ಮೂಗಯ್ಯ?”

“ನಾಗಮಣಿ ಅಂತ, ಹೊಸಾ ಟೀಚರಮ್ಮ. ನಮ್ ಸ್ಕೂಲ್ಗೇ ಅಂತ ಆರ್ಡ್ರು ಮಾಡ್ಕಂಡು ಸಾಹೇಬ್ರೇ ಕರ್ಕಂಬಂದಿದ್ರಂತೆ. ಮೇಷ್ಟ್ರು ಇಲ್ದೆನೂ ರೇಡಿಯೋನೇ ಇಷ್ಟು ಚಂದಾಗಿ ಪಾಟ ಮಾಡ್ತದಲ್ಲ, ಇಲ್ಲಿಗ್ಯಾಕೆ ಇನ್ನೊಬ್ರು ಅಂತ ಪಕ್ಕದೂರ್ಗೆ ಬರ್ಕೊಟ್ರು. ನಿಮ್ಗೆ ಅರ್ಧ ದಿವ್ಸ ರಜಾ ಹಾಕವ್ರೆ, ಯೋಳ್ದೆ ಓಗಿದ್ದುಕ್ಕೆ.”

ಮೇಷ್ಟ್ರು ಜಗಲಿಯ ಮೇಲೆ ಕೂತುಬಿಟ್ಟರು. ದೂಳು ಇಳಿಯಿತು. ದಾರಿಯಲ್ಲಿ ಯಾರೂ ಇರಲಿಲ್ಲ.

ಮೂಗಯ್ಯ ಕತ್ತು ತುರಿಸಿಕೊಂಡ. “ಮೇಷ್ಟ್ರೇ, ನಾಳಿಕ್ಕೂ ಇದೇ ಒತ್ಗೆ ರೇಡಿಯೋ ಬತ್ತದಾ? ಪಾಟ್ದಲ್ಲಿ ಮಳೆ ಇನ್ನೂ ಬೀಳ್ಲೇ ಇಲ್ವಲ್ಲ, ನಮ್ ಸುಂದ್ರಮ್ಮ ಪೂರ್ತಿ ಕೇಳ್ಬೇಕು ಅಂತಾವ್ಳೆ.”