ಕುರ್ಚಿಗಾಗಿ ಗುಡ್ಡ ಹತ್ತಿದ ನಬಿಸಾಬ

ಎಲ್ಲಾ ಆದದ್ದು ಆ ಫೋನಿನಿಂದ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅಜ್ಜಪ್ಪ ಸಾಹುಕಾರರ ಅಂಗಡಿಗೆ ಎಂಬತ್ತೆಂಟರಲ್ಲಿ ಕಪ್ಪು ಫೋನು ಬಂತು. ಅದರ ಮುಂದೆ ಒಂದು ಕುರ್ಚಿ, ಮೇಲೆ ಫ್ಯಾನು. ಅಲ್ಲಿ ಕೂತು ‘ಹಲೋ’ ಎನ್ನಲು ಒಬ್ಬ ಬೇಕಾಗಿತ್ತು. ಮಾದರಿ ಮೆಣಸಿನಕಾಯಿಯ ಪೊಟ್ಟಣ ಹಿಡಿದು ದಿನವಿಡೀ ಅಂಗಡಿಯಿಂದ ಅಂಗಡಿಗೆ ಓಡಾಡುವ ಆಳುಗಳು ಇಬ್ಬರು: ನಬಿಸಾಬ ಮತ್ತು ಫಕ್ಕೀರೇಶ. ಇಬ್ಬರ ಕಣ್ಣೂ ಕುರ್ಚಿಯ ಮೇಲೇ. ಹನ್ನೆರಡು ವರ್ಷ ಚಪ್ಪಲಿ ಸವೆಸಿದ ನಬಿಸಾಬನಿಗಂತೂ ಅದು ಸಿಂಹಾಸನ.

ಸಾಹುಕಾರರು ಯಾವುದನ್ನೂ ಸುಮ್ಮನೆ ಕೊಡುವವರಲ್ಲ. “ಬರೋ ರವಿವಾರ ರಾಣೆಬೆನ್ನೂರಿಂದ ಗುಡ್ಡದ ನೆತ್ತಿ ತನಕ ಮ್ಯಾರಥಾನ್ ಐತಿ. ಇಬ್ಬರೂ ನಮ್ಮ ಅಂಗಡಿ ಹೆಸರಿನ ಬನಿಯನ್ ಹಾಕ್ಕೊಂಡು ಓಡ್ರಿ. ಕುರ್ಚಿ ಯಾರಿಗಂತ ಆಮ್ಯಾಲ ನೋಡೂಣು,” ಎಂದರು.

ನಬಿಸಾಬ ಅಂದೇ ತಾಲೀಮು ಶುರು ಮಾಡಿದ. ಆದರೆ ಊರಲ್ಲಿ ಏರು ಎಂದರೆ ಮೆಣಸಿನಕಾಯಿ ರಾಶಿಯೊಂದೇ. ಅದನ್ನು ಹತ್ತಿದರೆ ಹಮಾಲರು ಬಿಟ್ಟಾರೆಯೇ? ಸಪಾಟು ಪೇಟೆಯನ್ನೇ ನಾಲ್ಕು ದಿನ ಸುತ್ತಿದ. ಐದನೆಯ ದಿನ ಚಹಾದಂಗಡಿ ಅಡ್ಡ ಬಂತು.

ರವಿವಾರ ಮುಂಜಾನೆ ಬಸ್ಸಿಗೆ ಹೊರಟವನನ್ನು ಎದುರು ಮನೆಯ ಉಚ್ಚಂಗೆವ್ವ ಹಿಡಿದಳು. “ಖಾಲಿ ಹೊಟ್ಟೀಲೆ ಓಡಿ ಸಾಯ್ತಿಯೇನೋ ತಮ್ಮಾ? ಕುಂದ್ರು!” ಎರಡು ರೊಟ್ಟಿ, ಬದನೆಕಾಯಿ ಪಲ್ಲೆ ಒಳಗೆ ಇಳಿದವು. ಮಗ್ಗುಲ ಮನೆಯ ಅಮೀರಬಿ ಬಾಗಿಲಲ್ಲೇ ಕಾದಿದ್ದಳು. “ಅಕಿ ಮನ್ಯಾಗ ಉಂಡಿ, ನಮ್ಮನ್ಯಾಗ ಒಲ್ಲೇನು? ನಾವೇನ್ ಹೊರಗಿನವರಾ?” ಒಂದು ಮನೆಯಲ್ಲಿ ಉಂಡು ಇನ್ನೊಂದನ್ನು ದಾಟಿದರೆ ಓಣಿಯಲ್ಲಿ ವರ್ಷಗಟ್ಟಲೆ ಮಾತು. ಗೋಧಿ ಹುಗ್ಗಿಯೂ ಹೋಯಿತು. ಬಸ್ಸಿನಲ್ಲಿ ನಬಿಸಾಬ ತುಂಬಿದ ಚೀಲದಂತೆ ಕೂತ.

ಸೀಟಿ ಊದಿದ್ದೇ ತಡ, ಫಕ್ಕೀರೇಶ ಮಾಯವಾದ. ನಬಿಸಾಬನಿಗೆ ಮೊದಲ ಏರಿನಲ್ಲೇ ರೊಟ್ಟಿ ಒಂದು ಕಡೆ, ಹುಗ್ಗಿ ಇನ್ನೊಂದು ಕಡೆ ಎಳೆಯತೊಡಗಿದವು. ಓಡಿದ, ನಡೆದ, ಕೂತ, ಎದ್ದ. ಕಟ್ಟಿಗೆ ಹೊರೆ ಹೊತ್ತ ಮುದುಕಿಯೊಬ್ಬಳು “ಸರಿಯಪ್ಪಾ, ದಾರಿ ಬಿಡು” ಎಂದು ಅವನನ್ನು ದಾಟಿ ಹೋದಳು. ಮೂರನೆಯ ತಿರುವಿನಲ್ಲಿ ನೋಡಿದರೆ, ಬೇವಿನ ಮರದ ಕೆಳಗೆ ಫಕ್ಕೀರೇಶ ಕಾಲು ಚಾಚಿ ನರಳುತ್ತಿದ್ದಾನೆ!

“ಲೇ ನಬಿ, ನನ್ನ ಕಾಲಿನ ಕತಿ ಮುಗೀತಲೇ. ಕುರ್ಚಿ ನಿನಗ ಬಿಟ್ಟೇನಿ, ಹೋಗು.”

ನಬಿಸಾಬನಿಗೆ ಪಾಪ ಅನಿಸಿತು. ಅದಕ್ಕಿಂತ ಹೆಚ್ಚು ಖುಷಿಯಾಯಿತು. “ಮ್ಯಾಲಿಂದ ಸಾವಕಾರ್ರ ಜೀಪು ಕಳಸ್ತೇನಿ, ಮಲ್ಕೊ,” ಎಂದು ಹೊರಟ. ಓಟ ನಡೆಸುವ ಸಂಘದ ಹುಡುಗರು ಕೊನೆಯ ಗೆರೆಯ ಹಗ್ಗ ಬಿಚ್ಚಿ ಸುತ್ತುವ ಹೊತ್ತಿಗೆ ಅಂತೂ ನೆತ್ತಿ ಮುಟ್ಟಿದ, ನಲವತ್ತೆರಡನೆಯವನಾಗಿ. ಅವನ ಹಿಂದೆ ಒಂದು ನಾಯಿ ಮಾತ್ರ ಇತ್ತು.

ಅಲ್ಲಿ ಕಾದಿದ್ದ ಸಾಹುಕಾರರು ತಬ್ಬಿಕೊಂಡರು. “ಶಾಬ್ಬಾಸ್ ನಬಿ! ಇಂಥಾ ಕಾಲು ನಮ್ಮ ಅಂಗಡ್ಯಾಗ ಅದಾವಂತ ನನಗ ಗೊತ್ತ ಇರಲಿಲ್ಲ!” ನಬಿಸಾಬನ ಕಣ್ಣು ತುಂಬಿ ಬಂತು. ಅವನು ಹೇಳಿದ್ದಕ್ಕೆ ಕೆಳಗೆ ಹೋದ ಸಾಹುಕಾರರ ಜೀಪು ಸ್ವಲ್ಪ ಹೊತ್ತಿನಲ್ಲಿ ಫಕ್ಕೀರೇಶನನ್ನು ಮಲಗಿಸಿಕೊಂಡು ಮೇಲೆ ಬಂತು.

“ಮತ್ತ ಆ ಕುರ್ಚಿ, ಸಾವಕಾರ್ರ?”

“ಅದನ್ನ ಫಕ್ಕೀರೇಶಗ ಕೊಟ್ಟೆ.”

ನಬಿಸಾಬ ತಿರುಗಿ ಜೀಪಿನೊಳಗೆ ಇಣುಕಿದ. ಸಾಹುಕಾರರು ಮುಂದುವರಿಸಿದರು:

“ಅಂವನ ಕಾಲು ನೋಡು, ಕುಂದ್ರಾಕಷ್ಟ ಲಾಯಕ್ಕು. ಗುಡ್ಡಾ ಹತ್ತೋ ಕಾಲನ್ನ ಕುರ್ಚಿ ಮ್ಯಾಲ ಕುಂದ್ರಿಸಿದ್ರ ವ್ಯಾಪಾರ ನಡೀತೈತೇನೋ? ನಾಳಿಂದ ಅಂವ ತಿರಗೋ ಅಂಗಡಿಗೋಳೂ ನಿನಗ.”

ಫಕ್ಕೀರೇಶ ನರಳುವುದನ್ನು ನಿಲ್ಲಿಸಿ ಕೇಳಿದ: “ನಬಿಗೆ ಜಾಗಾ ಮಾಡ್ಲೇನ್ರಿ ಸಾವಕಾರ್ರ?”

“ನೀ ಕಾಲು ಚಾಚ್ಕೊಂಡ ಮಲ್ಕೊ. ಬಸ್ ಸ್ಟ್ಯಾಂಡ್ ಏನ್ ದೂರ, ಅಂವ ಓಡ್ಕೋತ ಬರ್ತಾನ.”

ಜೀಪು ಹೊರಟಿತು. ಅಳೋಣವೆಂದರೆ ನಬಿಸಾಬನಲ್ಲಿ ದಮ್ಮಿರಲಿಲ್ಲ, ಹಾಗಾಗಿ ನಕ್ಕುಬಿಟ್ಟ. ಬನಿಯನ್ ಕೊಡವಿಕೊಂಡು ಓಡತೊಡಗಿದ. ದಾರಿ ಇಳಿಜಾರಾಗಿದ್ದದ್ದೇ ಪುಣ್ಯ.