ಮೂರನೇ ಮನೆಯಲ್ಲಿದ್ದ ದಕ್ಷಿಣ ಅಮೆರಿಕ

ನಮ್ಮ ಸೋದರಮಾವ ದಕ್ಷಿಣ ಅಮೆರಿಕಕ್ಕೆ ಹೊರಟವರು ಎಲ್ಲಿಯವರೆಗೆ ತಲುಪಿದರು ಗೊತ್ತೇ? ನಮ್ಮದೇ ಬೀದಿಯ ಮೂರನೇ ಮನೆಯವರೆಗೆ! ನಗಬೇಡಿ. ನಾನು ಮೆಟ್ರಿಕ್ ಪಾಸು ಮಾಡಲು ಹೊರಟು ಎಲ್ಲಿಗೆ ತಲುಪಿದೆನೆಂದು ಕೇಳಿದರೆ, ಆ ಮೂರನೇ ಮನೆಯೇ ದೂರ ಅನ್ನಿಸೀತು.

ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸದು. ನಾನು ಅಜ್ಜಿಯ ಮನೆಯಲ್ಲಿದ್ದುಕೊಂಡು ಓದುವ ನಟನೆ ಮಾಡುತ್ತಿದ್ದೆ. ಮಾವ ದೇವರಾಜ ಮಾರುಕಟ್ಟೆಯ ಹತ್ತಿರ ಹಳೆಯದೊಂದು ಭೂಪಟ ಕೊಂಡುತಂದರು. ಆಂಡಿಸ್ ಪರ್ವತದ ಮೇಲೆ ಬೆರಳಿಟ್ಟು, ಬೆನ್ನಿಗೆ ಚೀಲ ಏರಿಸಿ ಗೆಳೆಯರೊಡನೆ ಅಲ್ಲೆಲ್ಲ ನಡೆದು ಬರುವುದಾಗಿ ಸಾರಿದರು.

“ಟಿಟಿಕಾಕಾ!”

“ಯಾರೋ ಅವ್ನು? ರೈಲಲ್ಲಿ ಟಿಕೀಟು ಕೇಳೋನಾ?” ಎಂದಳು ಅಜ್ಜಿ.

“ಸರೋವರ ಕಣಮ್ಮ. ಚಾಮುಂಡಿ ಬೆಟ್ಟದ ತಲೆ ಮೇಲೆ ಇನ್ನೂ ಎರಡೂವರೆ ಬೆಟ್ಟ ಕೂರಿಸಿದ್ರೆ ಅಷ್ಟೆತ್ತರ!”

“ಸುಮ್ನಿರು. ನಮ್ಮ ಬೀದಿ ನಲ್ಲಿಗೇ ನೀರು ಹತ್ತಲ್ಲ, ಅಲ್ಲಿಗೆ ಯಾವನು ಹತ್ತಿಸ್ದ?”

ಮಾವ ಭೂಪಟ ಸುತ್ತಿ ಅಟ್ಟಕ್ಕೇರಿಸಿದರು.

ಮಾವನ ಗೆಳೆಯ, ದರ್ಜಿ ಸುಬ್ಬಣ್ಣ, ಖಾಕಿ ಬಟ್ಟೆಯಲ್ಲಿ ಚೀಲ ಹೊಲಿದುಕೊಟ್ಟರು. ಅದನ್ನು ಹೊತ್ತ ಮಾವ ಅಗಸರ ಕತ್ತೆಯಂತೆ ನಡೆಯುತ್ತಿದ್ದರು. ನಾನು ಆ ನಡಿಗೆಯನ್ನು ಅನುಕರಿಸಿ ತೋರಿಸಿದಾಗ ಬೀದಿಯೆಲ್ಲ ನಕ್ಕಿತು. “ಇವ್ನಿಗೆ ಅನುಕರಣೆ ಯಾಕೆ ಬೇಕು, ಹುಟ್ಟಿದಾಗಿಂದ ಹಂಗೇ ನಡೀತಾನೆ” ಎಂದರು ಮಾವ. ಬೀದಿ ಇನ್ನೂ ಜೋರಾಗಿ ನಕ್ಕಿತು.

ಅಜ್ಜಿ ಪಂಚಾಂಗ ನೋಡಿಸಿದಳು. ಮುಹೂರ್ತ ಬಂತು, ಪಾಸ್‌ಪೋರ್ಟು ಬರಲಿಲ್ಲ. ಇಂಥ ಸಂಕಟಕ್ಕೆ ನಮ್ಮಲ್ಲೊಂದು ಉಪಾಯವಿದೆ, ಪ್ರಸ್ಥಾನ. ಒಳ್ಳೆಯ ಗಳಿಗೆಯಲ್ಲಿ ಗಂಟುಮೂಟೆಯನ್ನು ಬೇರೆಯವರ ಮನೆಯಲ್ಲಿ ಇಟ್ಟುಬಂದರೆ ಸಾಕು, ನೀವು ಹೊರಟ ಹಾಗೆಯೇ! ಆಮೇಲೆ ಅಲ್ಲಿಂದಲೇ ಪ್ರಯಾಣ; ಗಂಟು ಮಾತ್ರ ಮನೆಗೆ ಮರಳುವಂತಿಲ್ಲ.

ಮಾವ ಚೀಲ ಹೊತ್ತು ನೇರವಾಗಿ ಮೂರನೇ ಮನೆಯ ಮೆಟ್ಟಿಲು ಹತ್ತಿದರು. ಬೀದಿಯ ನಗು ನಿಂತಿತು.

ಅದು ಮಾವನ ಬಾಲ್ಯದ ಗೆಳೆಯ ಶಿವಣ್ಣನವರ ಮನೆ. ಅವರು ಕ್ಷಯದ ಆಸ್ಪತ್ರೆಯಿಂದ ವಾಸಿಯಾಗಿ ಬಂದಿದ್ದರು. ವಾಸಿಯಾಗಿದೆ ಎಂದು ಡಾಕ್ಟರು ನಂಬಿದ್ದರು, ಬೀದಿ ನಂಬಿರಲಿಲ್ಲ. ಯಾರೂ ಆ ಹೊಸ್ತಿಲು ತುಳಿಯುತ್ತಿರಲಿಲ್ಲ. ಶಿವಣ್ಣನವರೂ ಬೀದಿಗೆ ಇಳಿಯುವುದನ್ನೇ ಬಿಟ್ಟು, ನಡುಮನೆಯಲ್ಲಿ ಗೋಡೆ ನೋಡುತ್ತ ಕೂತುಬಿಟ್ಟಿದ್ದರು. ಹೀಗೇ ಬಿಟ್ಟರೆ ಕಾಯಿಲೆ ಉಳಿಸಿದ ಜೀವವನ್ನು ಆ ಗೋಡೆ ತಿನ್ನುತ್ತದೆ ಎಂದು ಅವರ ತಾಯಿ ಗೌರಮ್ಮ ಕಣ್ಣೀರಿಡುತ್ತಿದ್ದರು.

“ಆ ಮನೇಲೇ ಇಡ್ಬೇಕಾಗಿತ್ತೇನೋ?” ಎಂದಳು ಅಜ್ಜಿ.

“ಇಟ್ಬುಟ್ಟೆ ಕಣಮ್ಮ. ಇನ್ನು ವಾಪಸ್ ತರೋ ಹಂಗಿಲ್ಲ, ನಿಂದೇ ಶಾಸ್ತ್ರ.”

ಚೀಲದೊಳಗೆ ಏನೇನಿತ್ತು? ಮಾವನ ಹಲ್ಲುಪುಡಿ, ಕ್ಷೌರದ ಕತ್ತಿ, ಕಾಫಿ ಲೋಟ, ಮತ್ತು ಆಫೀಸಿಗೆ ಹಾಕಬಹುದಾದ ಒಂದೇ ಒಂದು ಶರ್ಟು! ಹಾಗಾಗಿ ಮಾವ ಬೆಳಗಾದರೆ ಬನೀನಿನಲ್ಲೇ ಅಲ್ಲಿಗೆ ಹೋಗಿ, “ಶಿವಣ್ಣಾ, ಅಮೆರಿಕದ ಹಲ್ಪುಡಿ ಕೊಡೋ!” ಎಂದು ಕೂಗುತ್ತಿದ್ದರು. ಹಲ್ಲುಜ್ಜಿ, ಗಡ್ಡ ಹೆರೆದು, ಗೌರಮ್ಮನ ಕೈಯ ಕಾಫಿ ಕುಡಿದು, ಶರ್ಟು ತೊಟ್ಟು ಆಫೀಸಿಗೆ. ಸಂಜೆ ಶರ್ಟು ಮತ್ತೆ ಅಮೆರಿಕಕ್ಕೆ. ಚೀಲದ ಹೊಲಿಗೆ ನೋಡುವ ನೆಪದಲ್ಲಿ ಸುಬ್ಬಣ್ಣನೂ ಬರತೊಡಗಿದರು. ಗೌರಮ್ಮನ ಚಕ್ಕುಲಿಯ ನೆಪದಲ್ಲಿ ನಾನೂ.

“ನಾನೇನು ನಿನ್ನ ಚೀಲದ ಕಾವಲುಗಾರನೇನೋ?” ಎಂದು ಒಂದು ದಿನ ಶಿವಣ್ಣನವರು ರೇಗಿದರು.

“ಥೂ, ನೀನೇ ಕಣೋ ನಮ್ಮ ಮುಂದಾಳು! ಅಲ್ಲಿ ಗಾಳಿ ಬಲೇ ಕಮ್ಮಿ. ಕಮ್ಮಿ ಗಾಳಿಲಿ ಬದುಕಿ ಅಭ್ಯಾಸ ಇರೋನು ನಮ್ಮಲ್ಲಿ ಇನ್ಯಾರಿದಾರೆ?”

ಶಿವಣ್ಣನವರು ನಕ್ಕರು. ನಕ್ಕು ಕೆಮ್ಮಿದರು. ಕೆಮ್ಮಿ ಮತ್ತೆ ನಕ್ಕರು. ಗೌರಮ್ಮ ಅಡುಗೆಮನೆಯಿಂದ ಓಡಿಬಂದು ನಿಂತರು.

ಆದರೂ ಮನುಷ್ಯ ಹೊಸ್ತಿಲು ದಾಟಲಿಲ್ಲ. “ಊರಾಚೆ ಇಲವಾಲದ ತನಕ ನಡೆದು ಅಭ್ಯಾಸ ಮಾಡೋಣ ಬಾರೋ.” “ಬೇಡ.” “ಹೋಗ್ಲಿ, ಲೈಟುಕಂಬದ ತನಕ?” “ಜನ ನೋಡ್ತಾರೆ ಕಣೋ.” ಮಾವ ದಿನವೂ ಕರೆಯುವುದು, ಅವರು ದಿನವೂ ಬೇಡ ಎನ್ನುವುದು. ಹೀಗೆ ಒಂದು ಬೇಸಿಗೆ ಪೂರ್ತಿ ಕಳೆಯಿತು.

ಒಂದು ಬೆಳಿಗ್ಗೆ ಮಾವ ಎಂದಿನಂತೆ ಬನೀನಿನಲ್ಲಿ ಹೋದರೆ, ಗೋಡೆಯ ಪಕ್ಕ ಚೀಲವಿಲ್ಲ, ಶಿವಣ್ಣನವರೂ ಇಲ್ಲ.

“ಬೆಳಗಾಗ್ತಿದ್ದಂಗೇ ಬೆನ್ನಿಗೆ ಏರಿಸ್ಕೊಂಡು ಹೊರಟ್ಬುಟ್ಟ ಕಣಪ್ಪ, ಒಬ್ನೇ” ಎಂದರು ಗೌರಮ್ಮ. “ಎಲ್ಲಿಗೋ ಅಂದೆ. ‘ಇಲವಾಲದ ಕಡೆ. ಅವ್ನಿಗೆ ಹೇಳ್ಬುಡು’ ಅಂದ.”

ಮಾವ ಮೆಟ್ಟಿಲ ಮೇಲೆ ಕೂತರು. ಹೊತ್ತೇರಿತು. ದಾರಿಹೋಕರೊಬ್ಬರು ನಿಂತು, “ಏನ್ ಸ್ವಾಮಿ, ಇವತ್ತು ಆಫೀಸಿಲ್ವಾ?” ಎಂದು ಕೇಳಿದರು.

“ಶರ್ಟು ಹೊರಟ್ಹೋಯ್ತು ಕಣ್ರೀ” ಎಂದರು ಮಾವ, ಬನೀನಿನ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತ. “ನಿಧಾನವಾಗಿ ಬರ್ಲಿ ಬುಡಿ.”